ಹೊಳೆಯ ಈಜು ಕಡಲಿಗೆ ಸಾಲದು: ಭೀಮಾತೀರದಿಂದ ಕರಾವಳಿ ಪ್ರವಾಸಕ್ಕೆ ಹೊರಡುವವರು ಅರಿತಿರಬೇಕಾದ ಸಂಗತಿಗಳು

ಆಲಮೇಲ: ತೊಗರಿಯ ರಾಶಿ ಮನೆ ಸೇರುವ, ಬಿಳಿಜೋಳ ಹೊಲದಲ್ಲಿ ಎದೆಯೆತ್ತರಕ್ಕೆ ನಿಲ್ಲುವ ದಿನಗಳು ಬಂದವೆಂದರೆ ಸಿಂದಗಿ, ಇಂಡಿ, ಆಲಮೇಲ, ಮುದ್ದೇಬಿಹಾಳ ಭಾಗದ ಶಾಲೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಹೊರಡುವ ಈ ಬಸ್ಸುಗಳಲ್ಲಿ ಕುಳಿತ ಮಕ್ಕಳಿಗೆ ಅತಿ ದೊಡ್ಡ ಆಕರ್ಷಣೆ ಗುಡಿಯೂ ಅಲ್ಲ, ಕೋಟೆಯೂ ಅಲ್ಲ, ಸಮುದ್ರ. ಹುಟ್ಟಿದಾಗಿನಿಂದ ಕರಿಮಣ್ಣಿನ ಬಯಲನ್ನೇ ಕಂಡ ಕಣ್ಣಿಗೆ ಆಚೆ ದಂಡೆಯೇ ಕಾಣದ ನೀರು ಒಂದು ವಿಸ್ಮಯ. ಮಕ್ಕಳಷ್ಟೇ ಅಲ್ಲ, ಗೋಕರ್ಣ-ಮುರುಡೇಶ್ವರಕ್ಕೆ ಹೊರಡುವ ಕುಟುಂಬಗಳಲ್ಲಿ ಮೊದಲ ಬಾರಿಗೆ ಕಡಲನ್ನು ಕಾಣುವ ಹಿರಿಯರೂ ಇರುತ್ತಾರೆ.

ಈ ಸಂತೋಷದ ಬೆನ್ನಿಗೇ ಒಂದು ಆತಂಕವೂ ಇದೆ. ನೀರು ಈ ಭಾಗದವರಿಗೆ ಹೊಸತಲ್ಲ. ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರು, ಭೀಮೆಯನ್ನು ಈಸಿ ದಾಟಿದವರು ಊರೂರಿನಲ್ಲಿದ್ದಾರೆ. ಆದರೆ ಹೊಳೆಯ ಲೆಕ್ಕ ಕಡಲಿಗೆ ಒಗ್ಗುವುದಿಲ್ಲ. ಹೊಳೆಯಲ್ಲಿ ಜೀವ ಉಳಿಸುವ ಅಭ್ಯಾಸವೇ ಕಡಲಿನಲ್ಲಿ ಜೀವಕ್ಕೆ ಎರವಾಗಬಹುದು. ಕರಾವಳಿಗೆ ಹೊರಡುವ ಮುನ್ನ ಬಯಲುಸೀಮೆಯ ಪ್ರವಾಸಿಗರು ತಿಳಿದಿರಲೇಬೇಕಾದ ಸಂಗತಿ ಇದು.

ಮರೆಯಬಾರದ ಡಿಸೆಂಬರ್

2024ರ ಡಿಸೆಂಬರ್ 10ರಂದು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಶಾಲಾ ಪ್ರವಾಸಕ್ಕೆಂದು ಬಂದಿದ್ದ ಮಕ್ಕಳು ಅಲೆಗಳಲ್ಲಿ ಆಡಲು ಇಳಿದಾಗ ಸೆಳೆತಕ್ಕೆ ಸಿಲುಕಿದರು. ಕೆಲವರನ್ನು ರಕ್ಷಿಸಲಾಯಿತಾದರೂ ನಾಲ್ವರು ಮನೆಗೆ ಮರಳಲಿಲ್ಲ. ಆ ಬಳಿಕ ಕೆಲ ಕಾಲ ತೀರಕ್ಕೆ ಪ್ರವಾಸಿಗರ ಪ್ರವೇಶವನ್ನೇ ನಿರ್ಬಂಧಿಸಲಾಗಿತ್ತು.

ಮುಳಬಾಗಿಲು ಆಂಧ್ರಪ್ರದೇಶದ ಗಡಿಯ ಊರು. ಆಲಮೇಲ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಒಂದು ರಾಜ್ಯದ ಆಗ್ನೇಯ ತುದಿ, ಇನ್ನೊಂದು ಉತ್ತರದ ಅಂಚು. ಆದರೂ ಈ ಎರಡೂ ಊರುಗಳ ಮಕ್ಕಳ ಪಾಲಿಗೆ ಕಡಲು ಒಂದೇ ಬಗೆಯಲ್ಲಿ ಅಪರಿಚಿತ. ಅಂದು ಸಂಭವಿಸಿದ್ದು ಯಾವ ಊರಿನ ಬಸ್ಸಿಗಾದರೂ ಸಂಭವಿಸಬಹುದಿತ್ತು.

ವಿಜಯಪುರದ ರಸ್ತೆಯೇ ಕಡಲಿನ ರಸ್ತೆ

ವಿಜಯಪುರ ನಗರವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗರೂರಿನಿಂದ ಹೊರಟು ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಅಂಕೋಲೆಯಲ್ಲಿ ಕೊನೆಗೊಳ್ಳುತ್ತದೆ. ಅಂದರೆ ಆಲಮೇಲದಿಂದ ಸಿಂದಗಿ ಮಾರ್ಗವಾಗಿ ವಿಜಯಪುರವನ್ನು ತಲುಪಿದ ಪ್ರವಾಸಿಗನು ಅದೇ ಹೆದ್ದಾರಿಯನ್ನು ಹಿಡಿದು ಸಾಗಿದರೆ ನೇರವಾಗಿ ಅರಬ್ಬೀ ಸಮುದ್ರದ ಅಂಚಿಗೆ ಬಂದು ನಿಲ್ಲುತ್ತಾನೆ. ಆಲಮೇಲದಿಂದ ಲೆಕ್ಕ ಹಾಕಿದರೆ ಈ ದಾರಿ ಸುಮಾರು 400 ಕಿ.ಮೀ.

ದೊಡ್ಡ ನೀರಿನ ಮೊದಲ ದರ್ಶನ ಜಿಲ್ಲೆಯ ಒಳಗೇ ಆಗುತ್ತದೆ. ಮೊಸರಿಗೆ ಹೆಸರಾದ ಕೊಲ್ಹಾರದ ಬಳಿ ಆಲಮಟ್ಟಿ ಜಲಾಶಯದ ಹಿನ್ನೀರನ್ನು ದಾಟುವ ಕೋರ್ತಿ-ಕೊಲ್ಹಾರ ಸೇತುವೆ ಸುಮಾರು 3 ಕಿ.ಮೀ. ಉದ್ದವಿದ್ದು, ಜಲಾಶಯ ತುಂಬಿದಾಗ ಎರಡೂ ಕಡೆ ಕಡಲನ್ನೇ ನೆನಪಿಸುವ ಹರವು ಕಾಣುತ್ತದೆ.

ದೂರದ ಪ್ರವಾಸ ಸಾಧ್ಯವಾಗದವರಿಗೆ ಆಲಮಟ್ಟಿಯೇ ಕಡಲತೀರವೂ ಹೌದು, ಉದ್ಯಾನವೂ ಹೌದು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿರಿಸಿದ ಈ ಅಣೆಕಟ್ಟನ್ನು 2006ರ ಆಗಸ್ಟ್ 21ರಂದು ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ರಾಷ್ಟ್ರಕ್ಕೆ ಸಮರ್ಪಿಸಿದರು. ಗರಿಷ್ಠ ನೀರಿನ ಮಟ್ಟ 519.60 ಮೀಟರ್; ಸಂಗ್ರಹ ಸಾಮರ್ಥ್ಯ ಸುಮಾರು 123 ಟಿಎಂಸಿ ಅಡಿ. ಕೃಷ್ಣಾ ಭಾಗ್ಯ ಜಲ ನಿಗಮವು ಅಣೆಕಟ್ಟಿನ ಪರಿಸರದಲ್ಲಿ ಬೆಳೆಸಿದ ರಾಕ್ ಗಾರ್ಡನ್, ಮೊಘಲ್ ಉದ್ಯಾನ, ಸಂಗೀತ ಕಾರಂಜಿಗಳು ಇಂದು ಉತ್ತರ ಕರ್ನಾಟಕದ ಪ್ರಮುಖ ವಿಹಾರ ತಾಣಗಳೆನಿಸಿವೆ. ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳೂ ಮುಳುಗಿ ಹುಟ್ಟಿದ ಜಲರಾಶಿ ಇದೆಂಬುದನ್ನು ಅಲ್ಲಿಗೆ ಹೋದವರು ಮಕ್ಕಳಿಗೆ ಹೇಳುವುದು ಒಳ್ಳೆಯದು.

ಆಲಮಟ್ಟಿಯ ಉದ್ಯಾನಗಳಿಗೆ ಆವರಣವಿದೆ, ದ್ವಾರವಿದೆ, ಟಿಕೆಟ್ ಇದೆ. ನೋಡುವ ಜಾಗ ಎಲ್ಲಿ ಮುಗಿಯುತ್ತದೆ, ಅಪಾಯದ ಜಾಗ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಬೇಲಿಯೇ ಹೇಳುತ್ತದೆ. ಕಡಲತೀರಕ್ಕೆ ಬೇಲಿ ಇಲ್ಲ. ಅಲ್ಲಿ ಗೆರೆಯನ್ನು ಪ್ರವಾಸಿಗನೇ ಎಳೆದುಕೊಳ್ಳಬೇಕು.

ಹೊಳೆಗೂ ಕಡಲಿಗೂ ಇರುವ ಅಂತರ

ಭೀಮೆಯ ಸ್ವಭಾವ ದಂಡೆಯ ಊರುಗಳಿಗೆ ಗೊತ್ತು. ಮಹಾರಾಷ್ಟ್ರದ ಉಜ್ಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ; 2020ರ ಅಕ್ಟೋಬರಿನಲ್ಲಿ ಹಾಗೆ ಏರಿದ ನೀರು ದಂಡೆಯ ಹಳ್ಳಿಗಳನ್ನೂ ಬೆಳೆಯನ್ನೂ ನುಂಗಿತ್ತು. ಆದರೆ ಹೊಳೆ ಎಷ್ಟೇ ಉಕ್ಕಲಿ, ಅದರ ಹರಿವು ಒಂದೇ ದಿಕ್ಕಿಗೆ. ಈಜುವವನು ಹರಿವಿನೊಡನೆ ಓರೆಯಾಗಿ ಸಾಗಿದರೆ ಎಡಕ್ಕೋ ಬಲಕ್ಕೋ ದಂಡೆ ಸಿಕ್ಕೇ ಸಿಗುತ್ತದೆ.

ಕಡಲಿಗೆ ಇರುವುದು ಒಂದೇ ದಂಡೆ. ಅಲೆಗಳು ಒಂದರ ಹಿಂದೆ ಒಂದು ನೀರನ್ನು ತೀರಕ್ಕೆ ತಂದು ಸುರಿಯುತ್ತವೆ. ಹಾಗೆ ಬಂದು ತುಂಬಿದ ನೀರು ಮರಳಿ ಹೋಗಲೇಬೇಕು. ಅದು ತೀರದುದ್ದಕ್ಕೂ ಸಮನಾಗಿ ಮರಳುವುದಿಲ್ಲ. ನೀರಿನಡಿಯ ಮರಳದಿಬ್ಬದಲ್ಲಿ ತಗ್ಗಾದ ಜಾಗವನ್ನು, ಬಂಡೆಯ ಪಕ್ಕವನ್ನು ಅಥವಾ ಕಟ್ಟೆಯ ಬದಿಯನ್ನು ಆರಿಸಿಕೊಂಡು ಕಾಲುವೆಯಂತೆ ಒಂದೇ ಕಡೆ ರಭಸದಿಂದ ಹಿಂದಿರುಗುತ್ತದೆ. ರಿಪ್ ಕರೆಂಟ್ ಎಂದು ಕರೆಯಲಾಗುವ ಮರುಸೆಳೆತ ಇದೇ. ರಭಸ ಹೆಚ್ಚಿದಾಗ ಇದು ಸೆಕೆಂಡಿಗೆ 2 ಮೀಟರ್‌ನಷ್ಟು ವೇಗವನ್ನೂ ಮುಟ್ಟಬಲ್ಲದು. ಪಳಗಿದ ಈಜುಗಾರನೂ ಇದಕ್ಕೆ ಎದುರಾಗಿ ಈಜಿ ಗೆಲ್ಲಲಾರ.

ಈ ಮರುಸೆಳೆತದ ಅತ್ಯಂತ ಮೋಸದ ಗುಣವೆಂದರೆ ಅದು ಶಾಂತವಾಗಿ ಕಾಣುವುದು. ಎಡಬಲಗಳಲ್ಲಿ ಅಲೆ ಒಡೆದು ನೊರೆ ಏಳುತ್ತಿರುವಾಗ ನಡುವೆ ಒಂದು ಪಟ್ಟೆಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ. ಅಲ್ಲಿಯ ನೀರು ಕೊಂಚ ಕಪ್ಪಾಗಿ, ನುಣುಪಾಗಿ ತೋರುತ್ತದೆ. ಕೆಲವೊಮ್ಮೆ ನೊರೆ, ಮರಳು, ಕಸಕಡ್ಡಿ ಒಳಸಮುದ್ರದ ಕಡೆಗೆ ತೇಲಿಹೋಗುತ್ತಿರುತ್ತವೆ. ಅಲೆಗೆ ಅಂಜುವ ಹೊಸಬನು ಅಲೆಯಿಲ್ಲದ ಜಾಗವೆಂದು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುವ ಸಂಭವ ಹೆಚ್ಚು. ಕೆರೆ ಮತ್ತು ಬಾವಿ ಕಲಿಸಿದ ಪಾಠದಂತೆ ನಿಂತ ನೀರು ಸುರಕ್ಷಿತ. ಕಡಲಿನಲ್ಲಿ ನಿಂತಂತೆ ಕಾಣುವ ನೀರೇ ಒಳಗೆ ಓಡುತ್ತಿರಬಹುದು.

ಸೆಳೆತಕ್ಕೆ ಸಿಲುಕಿದರೆ

ಮರುಸೆಳೆತವು ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅಲೆಗಳು ಒಡೆಯುವ ಸಾಲನ್ನು ದಾಟಿದ ಬಳಿಕ ಅದರ ಬಲ ಕುಂದುತ್ತದೆ. ಸಾವು ಸಂಭವಿಸುವುದು ಹೆಚ್ಚಾಗಿ ಗಾಬರಿಯಿಂದ ಮತ್ತು ದಣಿವಿನಿಂದ. ತೀರ ಕಣ್ಣೆದುರಿಗೇ ಇರುವುದರಿಂದ ಸಿಲುಕಿದವನು ನೇರವಾಗಿ ತೀರದತ್ತ ಕೈಬಡಿಯುತ್ತಾನೆ. ಸೆಳೆತ ಅವನನ್ನು ಹಿಂದಕ್ಕೆ ಒಯ್ಯುತ್ತದೆ. ಕೆಲವೇ ನಿಮಿಷಗಳಲ್ಲಿ ತೋಳು ಸೋಲುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಸೆಳೆತದೊಡನೆ ಹೋರಾಡದೆ ತೇಲುವುದು. ಮುಖವನ್ನು ಮೇಲಕ್ಕೆತ್ತಿ ಉಸಿರನ್ನು ಕಾಯ್ದುಕೊಂಡು ಒಂದು ಕೈ ಎತ್ತಿ ಸಹಾಯಕ್ಕೆ ಕೂಗಬೇಕು. ಈಜು ಬಲ್ಲವರು ತೀರದತ್ತ ಅಲ್ಲ, ತೀರಕ್ಕೆ ಸಮಾನಾಂತರವಾಗಿ ಈಜಿ, ಅಲೆಗಳು ಒಡೆಯುತ್ತಿರುವ ಜಾಗವನ್ನು ತಲುಪಿ, ಅಲ್ಲಿಂದ ಅಲೆಯೊಡನೆ ಓರೆಯಾಗಿ ದಡಕ್ಕೆ ಬರಬೇಕು.

ದಡದಲ್ಲಿರುವವರ ಪಾಲಿಗೂ ಒಂದು ನಿಯಮವಿದೆ: ಬರಿಗೈಯಲ್ಲಿ ಹಿಂದೆ ಧುಮುಕಬಾರದು. ಮಗುವನ್ನು ಉಳಿಸಲು ಹೋದ ತಂದೆ, ಗೆಳೆಯನನ್ನು ಹಿಡಿಯಲು ಹೋದ ಗೆಳೆಯ ತಾವೂ ಮುಳುಗುವ ಪ್ರಸಂಗಗಳು ಅಪರೂಪವಲ್ಲ. ಬಾಯಿ ಮುಚ್ಚಿದ ಖಾಲಿ ನೀರಿನ ಕ್ಯಾನ್, ಚೆಂಡು, ಹಗ್ಗ ಹೀಗೆ ತೇಲುವ ಅಥವಾ ಎಳೆಯಬಹುದಾದ ವಸ್ತುವನ್ನು ಎಸೆದು, ಸಿಲುಕಿದವರ ಮೇಲಿಂದ ಕಣ್ಣು ತೆಗೆಯದೆ ಜೀವರಕ್ಷಕರನ್ನೂ ಸಮೀಪದ ಮೀನುಗಾರರನ್ನೂ ಕರೆಯಬೇಕು. ತುರ್ತು ಸಹಾಯಕ್ಕೆ 112, ಕರಾವಳಿ ಕಾವಲು ಪೊಲೀಸರಿಗೆ 1093 ಸಂಖ್ಯೆಗಳು ಪ್ರವಾಸದ ಮುಖಂಡರ ದೂರವಾಣಿಯಲ್ಲಿ ಮೊದಲೇ ಇರಬೇಕು.

ನೀರಿನಿಂದ ಹೊರತೆಗೆದವರ ಹೊಟ್ಟೆ ಒತ್ತಿ ಅಥವಾ ತಲೆಕೆಳಗಾಗಿ ಹಿಡಿದು ನೀರು ಕಕ್ಕಿಸುವ ಹಳೆಯ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ವೈದ್ಯಕೀಯ ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಅಮೂಲ್ಯ ಸಮಯ ಹಾಳಾಗುವುದಲ್ಲದೆ, ಹೊಟ್ಟೆಯೊಳಗಿನದು ಶ್ವಾಸಕೋಶಕ್ಕೆ ಸೇರುವ ಅಪಾಯವಿದೆ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ತುಂಬುವುದು, ಎದೆ ಒತ್ತುವುದು ಮತ್ತು ಆಸ್ಪತ್ರೆಗೆ ಸಾಗಿಸುವುದೇ ಸರಿಯಾದ ಕ್ರಮ.

ಬಾವುಟ, ತಿಥಿ ಮತ್ತು ಋತು

ಜೀವರಕ್ಷಕರಿರುವ ತೀರಗಳಲ್ಲಿ ಬಾವುಟಗಳು ಮಾತನಾಡುತ್ತವೆ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಗಾವಲಿನಲ್ಲಿದೆ ಎಂದರ್ಥ. ಕೆಂಪು ಬಾವುಟ ಅಪಾಯದ ಸೂಚನೆ. ಅದನ್ನು ಕಂಡ ಮೇಲೆ ನೀರಿಗೆ ಇಳಿಯಕೂಡದು. ಬಾವುಟವೂ ಇಲ್ಲದ, ಜೀವರಕ್ಷಕರೂ ಇಲ್ಲದ ತೀರ ಎಷ್ಟೇ ಸುಂದರವಾಗಿದ್ದರೂ ನೋಡಲು ಮಾತ್ರ ಎಂದು ತಿಳಿಯುವುದು ಲೇಸು.

ಕಡಲಿನ ಏರಿಳಿತವನ್ನು ಅರಿಯಲು ರೈತನಿಗೆ ಕಷ್ಟವಿಲ್ಲ. ಅದು ತಿಥಿಯ ಲೆಕ್ಕ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ದಿನದಿಂದ ದಿನಕ್ಕೆ ಭರತದ ಹೊತ್ತು ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಅತಿ ಹೆಚ್ಚು. ಇಳಿತದಲ್ಲಿ ನಡೆದುಹೋಗಿ ಏರಿ ಕುಳಿತ ಬಂಡೆ, ಭರತ ಬಂದಾಗ ಸುತ್ತಲೂ ನೀರು ತುಂಬಿದ ನಡುಗಡ್ಡೆಯಾಗಬಹುದು. ಪಾಚಿ ಕಟ್ಟಿದ ಬಂಡೆಯ ತುದಿಯಲ್ಲಿ ಬೆನ್ನು ಮಾಡಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಅರಬ್ಬೀ ಸಮುದ್ರ ಉಗ್ರವಾಗಿರುತ್ತದೆ. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಮೀನುಗಳ ಸಂತಾನಾಭಿವೃದ್ಧಿಗೆಂದು ಜಾರಿಗೊಂಡ ಈ ನಿಷೇಧ ಕಡಲು ಉಗ್ರವಾಗಿರುವ ಅವಧಿಯಲ್ಲೇ ಬರುತ್ತದೆ. ಹುಟ್ಟು ಮೀನುಗಾರರೇ ದೋಣಿಯನ್ನು ದಡಕ್ಕೆ ಎಳೆದಿಟ್ಟಿರುವ ದಿನಗಳಲ್ಲಿ ಪ್ರವಾಸಿಗನು ನೀರಿಗಿಳಿಯುವುದು ಸಾಹಸವಲ್ಲ, ಅವಿವೇಕ. ಬೇಸಿಗೆ ರಜೆಯಲ್ಲೂ ಎಚ್ಚರ ಬೇಕು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ದೊಡ್ಡ ಅಲೆಗಳು ಇಲ್ಲಿ ಗಾಳಿಯೂ ಇಲ್ಲದ, ಮೋಡವೂ ಇಲ್ಲದ ದಿನ ಬಂದು ತೀರಕ್ಕೆ ಅಪ್ಪಳಿಸುವುದುಂಟು. ಕಳ್ಳಕ್ಕಡಲ್ ಎಂಬ ಮಲಯಾಳಂ ಹೆಸರಿನಿಂದ ಇದು ಪ್ರಸಿದ್ಧ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂತಹ ಅಲೆಗಳ ಮುನ್ನೆಚ್ಚರಿಕೆ ನೀಡುತ್ತದೆ. ಹೊರಡುವ ಮುನ್ನ ಅದನ್ನು ನೋಡಿಕೊಂಡರೆ ಪ್ರವಾಸದ ಕ್ರಮವನ್ನು ಬದಲಿಸಿಕೊಳ್ಳಲು ಅವಕಾಶವಿರುತ್ತದೆ.

ನೀರಿಗಿಳಿಯದೆಯೂ ನೋಡಬಹುದಾದದ್ದು

ಕಡಲ ಪ್ರವಾಸವೆಂದರೆ ಕಡಲಿಗೆ ಇಳಿಯುವುದಷ್ಟೇ ಅಲ್ಲ. ಅಂಕೋಲೆಯಿಂದ ಉತ್ತರಕ್ಕೆ ತಿರುಗಿದರೆ ಕಾರವಾರ. ಕವಿ ರವೀಂದ್ರನಾಥ ಠಾಕೂರರು ಯೌವನದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದರು. ತೀರಕ್ಕೆ ಅವರದೇ ಹೆಸರಿದೆ. ನೌಕಾಪಡೆಯಿಂದ ನಿವೃತ್ತವಾದ ಚಪಲ್ ಎಂಬ ಕ್ಷಿಪಣಿ ನೌಕೆಯನ್ನು ಇಲ್ಲಿ ವಸ್ತುಸಂಗ್ರಹಾಲಯವಾಗಿ ಇರಿಸಲಾಗಿದೆ. ಬಂದೂಕು, ಕ್ಷಿಪಣಿ, ನಾವಿಕರ ಕೋಣೆಗಳ ಬಗ್ಗೆ ಪುಸ್ತಕದಲ್ಲಷ್ಟೇ ಓದಿದ ಮಕ್ಕಳಿಗೆ ಇದು ಅಲೆಗಳಷ್ಟೇ ಪ್ರಿಯವಾಗುತ್ತದೆ.

ದಕ್ಷಿಣಕ್ಕೆ ತಿರುಗಿದರೆ ಗೋಕರ್ಣ, ಹೊನ್ನಾವರ, ಮುರುಡೇಶ್ವರ. ಗೋಕರ್ಣದ ಓಂ, ಕುಡ್ಲೆ ತೀರಗಳು ಬಂಡೆಗಳ ನಡುವೆ ಇರುವುದರಿಂದ ಮೇಲಿನಿಂದ ನೋಡಲು ರಮಣೀಯ. ನೀರಿನಲ್ಲಿ ಅಷ್ಟೇ ಎಚ್ಚರ ಬೇಕು. ಹೊನ್ನಾವರದ ಬಳಿಯ ಶರಾವತಿ ಕಾಂಡ್ಲಾವನದಲ್ಲಿ ಮರದ ಕಾಲುದಾರಿಯ ಮೇಲೆ ನಡೆಯುತ್ತ, ಉಪ್ಪುನೀರಿನಲ್ಲಿ ಬೇರೂರಿ ನಿಂತ ಗಿಡಗಳನ್ನು ಹತ್ತಿರದಿಂದ ಕಾಣಬಹುದು. ಅಲ್ಲಿಯೇ ಸಮೀಪದ ಕಾಸರಕೋಡು ತೀರ ಹಾಗೂ ಉಡುಪಿ ಜಿಲ್ಲೆಯ ಪಡುಬಿದ್ರಿ ತೀರ 2020ರಲ್ಲಿ ಅಂತಾರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು ಪಡೆದವು. ನೀರಿನ ಶುದ್ಧತೆ, ಶೌಚಾಲಯ, ಸ್ನಾನಗೃಹ, ಜೀವರಕ್ಷಕರ ವ್ಯವಸ್ಥೆ, ಅಂಗವಿಕಲರಿಗೆ ಅನುಕೂಲ ಇವೆಲ್ಲವನ್ನೂ ಪರಿಶೀಲಿಸಿ ನೀಡುವ ಮನ್ನಣೆ ಇದು. ಮಕ್ಕಳೊಡನೆ ಹೋಗುವವರು ತೀರದ ಹೆಸರಿಗಿಂತ ಇಂತಹ ವ್ಯವಸ್ಥೆಯನ್ನು ನೋಡಿ ಆರಿಸುವುದು ಜಾಣತನ. ಮುರುಡೇಶ್ವರದ 123 ಅಡಿಯ ಶಿವನ ವಿಗ್ರಹವನ್ನು ಕಾಣಲಂತೂ ನೀರಿಗಿಳಿಯುವ ಅಗತ್ಯವೇ ಇಲ್ಲ.

ಎಲ್ಲರ ತೀರ, ಎಲ್ಲರ ಹೊಣೆ

ಕಡಲತೀರ ಯಾರೊಬ್ಬರ ಸ್ವತ್ತೂ ಅಲ್ಲ. ನದಿ, ಕಡಲತೀರ, ಅರಣ್ಯಗಳಂತಹ ಸಂಪತ್ತು ಸರ್ಕಾರದ ಬಳಿ ಇರುವುದು ಜನರ ಪರವಾದ ನ್ಯಾಸವಾಗಿ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕಮಲನಾಥ್ ಪ್ರಕರಣದ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಆಲಮೇಲದ ರೈತನಿಗೂ ಕಾರವಾರದ ನಿವಾಸಿಗೂ ಅಲ್ಲಿ ಸಮಾನ ಹಕ್ಕಿದೆ. ಆದರೆ ಎಲ್ಲರದ್ದಾದ ಜಾಗದಲ್ಲಿ ಕಾವಲು ಎಲ್ಲ ಕಡೆಯೂ ಇರುವುದಿಲ್ಲ. 300 ಕಿ.ಮೀ.ಗೂ ಉದ್ದದ ಕರಾವಳಿಯ ಪ್ರತಿ ಮಾರಿಗೂ ಜೀವರಕ್ಷಕರನ್ನು ನಿಲ್ಲಿಸುವುದು ಯಾವ ಸರ್ಕಾರಕ್ಕೂ ಆಗದ ಕೆಲಸ.

ಹಕ್ಕಿನೊಡನೆ ಮರ್ಯಾದೆಯೂ ಬರುತ್ತದೆ. ಪ್ರವಾಸಿಗನಿಗೆ ವಿಹಾರದ ಜಾಗವಾದ ಮರಳು ಮೀನುಗಾರನಿಗೆ ಕಣ. ಬಯಲುಸೀಮೆಯವರು ರಾಶಿಯ ಕಣದಲ್ಲಿ ಚಪ್ಪಲಿ ಮೆಟ್ಟಿ ನಡೆಯುವುದಿಲ್ಲ. ಹಾಗೆಯೇ ಅಲ್ಲಿ ಹರಡಿದ ಬಲೆಯನ್ನು ತುಳಿಯಬಾರದು, ಒಣಗಲು ಹಾಕಿದ ಮೀನಿನ ಪಕ್ಕ ಕಸ ಎಸೆಯಬಾರದು. ಚಳಿಗಾಲದ ರಾತ್ರಿಗಳಲ್ಲಿ ಉತ್ತರ ಕನ್ನಡದ ತೀರಗಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಗಳು ಬೆಳಕು ಮತ್ತು ಗದ್ದಲಕ್ಕೆ ಬೆದರುತ್ತವೆ. ಮರಳಿನ ಮೇಲೆ ಬೆಂಕಿ ಹಾಕಿ ಅಡುಗೆ ಮಾಡುವ ಹವ್ಯಾಸವನ್ನು ಬಿಡಬೇಕು.

ಶಿಕ್ಷಕರು ಗಮನಿಸಲಿ

ಶಾಲಾ ಪ್ರವಾಸಕ್ಕೆ ಇಲಾಖೆಯ ಅನುಮತಿಯೂ ಪೋಷಕರ ಒಪ್ಪಿಗೆ ಪತ್ರವೂ ಬೇಕು. ಆದರೆ ಕಾಗದ ಮಗುವನ್ನು ಕಾಯುವುದಿಲ್ಲ. ಬಸ್ಸಿನಿಂದ ಇಳಿಯುವ ಮುನ್ನ ಹತ್ತು ನಿಮಿಷ ಕಡಲಿನ ಬಗ್ಗೆ ತಿಳಿಸಬೇಕು. ಹತ್ತು ಮಕ್ಕಳಿಗೊಬ್ಬರಂತೆ ಹಿರಿಯರನ್ನು ನೇಮಿಸಿ, ಅವರು ಮಕ್ಕಳಿಗೂ ನೀರಿಗೂ ನಡುವೆ ನಿಲ್ಲುವಂತೆ ನೋಡಿಕೊಳ್ಳಬೇಕು. ನೀರು ಮೊಣಕಾಲು ದಾಟಕೂಡದು. ಅಲೆ ಹಿಂದಿರುಗುವಾಗ ಕಾಲಡಿಯ ಮರಳನ್ನೇ ಕೊರೆದೊಯ್ಯುವುದರಿಂದ ನಿಂತವರೂ ಕುಸಿಯುತ್ತಾರೆ. ಕತ್ತಲಾದ ಬಳಿಕ ತೀರದಲ್ಲಿ ನಿಲ್ಲಬಾರದು. ರಾತ್ರಿಯಿಡೀ ಪ್ರಯಾಣ ಮಾಡಿ ನಿದ್ದೆಗೆಟ್ಟು ಬಂದ ಮಕ್ಕಳನ್ನು ಬೆಳಗಾಗುತ್ತಲೇ ನೀರಿಗೆ ಬಿಡುವುದೂ ಸಲ್ಲದು.

ಭೀಮೆ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆ ಬಂಗಾಳಕೊಲ್ಲಿಯತ್ತ ಪೂರ್ವಕ್ಕೆ ಸಾಗುತ್ತಾಳೆ. ಈ ನಾಡಿನ ನೀರಿಗೂ ಅರಬ್ಬೀ ಸಮುದ್ರಕ್ಕೂ ನೇರ ಸಂಬಂಧವೇ ಇಲ್ಲ. ಅಲ್ಲಿಗೆ ಹೋಗುವ ನಾವು ಅತಿಥಿಗಳು. ಅತಿಥಿಯು ಅಂಗಳದಲ್ಲಿ ನಿಂತು ಮನೆಯವರ ಮಾತು ಕೇಳಿ ಒಳಗೆ ಕಾಲಿಡುವಂತೆ, ತೀರಕ್ಕೆ ಹೋದವರು ಮೊದಲು ಅಲ್ಲಿಯ ಮೀನುಗಾರರನ್ನೋ ಜೀವರಕ್ಷಕರನ್ನೋ ಒಂದು ಮಾತು ಕೇಳಿದರೆ ಸಾಕು: ಇಂದು ಕಡಲು ಹೇಗಿದೆ? ಬೇಡವೆಂದು ಅವರು ಹೇಳಿದ ದಿನ ದೂರದಿಂದಲೇ ನೋಡಿ ಬರುವುದರಲ್ಲಿ ನಷ್ಟವೇನಿಲ್ಲ. ಹೋಗುವಾಗ ಎಣಿಸಿದ ತಲೆಗಳು ಬರುವಾಗಲೂ ಅಷ್ಟೇ ಇದ್ದರೆ ಪ್ರವಾಸ ಸಾರ್ಥಕ.